ಪ್ರಶಸ್ತಿ ಮುಖಪುಟಕ್ಕೋ, ಬರೆದವರ ಹೆಸರಿಗೋ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಚಿತ್ರಕಲೆ ಓದುತ್ತಿದ್ದೇನೆ. ಇಂಗ್ಲಿಷಿನ ಹಳೆಯ ಸೈನ್ಸ್ ಫಿಕ್ಷನ್ ಪತ್ರಿಕೆಗಳ ಮುಖಪುಟ ಅಂದ್ರೆ ನನಗೆ ಪ್ರಾಣ. ಹ್ಯೂಗೋ ಪ್ರಶಸ್ತಿಯ ಪಟ್ಟಿ ನೋಡಿದೆ. ಕಾದಂಬರಿಗೆ, ಸಣ್ಣಕಥೆಗೆ, ಸಂಪಾದಕರಿಗೆ ವಿಭಾಗಗಳಿವೆ. ಆದರೆ ಪತ್ರಿಕೆಯ ಮುಖಪುಟದ ಚಿತ್ರಕ್ಕೆ ಅಂತಲೇ ಒಂದು ವಿಭಾಗ ಕಾಣಲಿಲ್ಲ. ಬೇರೆ ಎಲ್ಲಾದರೂ ಇದೆಯೇ? ಅದನ್ನು ಯಾರು ಆರಿಸುತ್ತಾರೆ? ನನ್ನಂಥವಳು ಇಲ್ಲಿ ಕೂತು ಆ ಕಡೆ ಪ್ರಯತ್ನ ಮಾಡಬಹುದೇ?

ಉತ್ತರ: ಇದೆ. ಸೈನ್ಸ್ ಫಿಕ್ಷನ್ ಕಲಾವಿದರ ಸಂಘವೊಂದು ಕೊಡುವ ಚೆಸ್ಲಿ ಪ್ರಶಸ್ತಿಯಲ್ಲಿ ಪತ್ರಿಕೆಯ ಮುಖಪುಟಕ್ಕೆ ಅಂತಲೇ ಒಂದು ವಿಭಾಗ ಇದೆ. ಅಮೆರಿಕದ ‘ಅನಲಾಗ್’ ಮತ್ತು ‘ಅಸಿಮೋವ್ಸ್’ ಪತ್ರಿಕೆಗಳು ತಮ್ಮ ತಮ್ಮ ಓದುಗರಿಂದ ವರ್ಷದ ಒಳ್ಳೆಯ ಮುಖಪುಟವನ್ನು ಆರಿಸುತ್ತವೆ. ಹ್ಯೂಗೋದಲ್ಲಿ ಮಾತ್ರ ಇಲ್ಲ. ಹಾಗಂತ ಅಲ್ಲಿ ಅದು ಎಂದೂ ಇರಲಿಲ್ಲ ಅಂತಲ್ಲ. ಮೊಟ್ಟಮೊದಲ ಹ್ಯೂಗೋದಲ್ಲೇ ಇತ್ತು, ಆಮೇಲೆ ಹೋಯಿತು. ಆ ಕಥೆ ಗೊತ್ತಾದರೆ ಯಾವ ಪ್ರಶಸ್ತಿಯನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

1953ರಲ್ಲಿ ಫಿಲಡೆಲ್ಫಿಯಾದಲ್ಲಿ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನ ನಡೆಯಿತು. ಅದನ್ನು ಎಲ್ಲರೂ ವರ್ಲ್ಡ್‌ಕಾನ್ ಅನ್ನುತ್ತಾರೆ. ಅದರ ಸದಸ್ಯರು ಮತ ಹಾಕಿ ಆರಿಸುವ ಹ್ಯೂಗೋವನ್ನು ಮೊದಲ ಸಲ ಕೊಟ್ಟಿದ್ದು ಅಲ್ಲಿ. ಆ ವರ್ಷ ಚಿತ್ರಕಾರರಿಗೆ ಎರಡು ವಿಭಾಗ ಇದ್ದವು. ಮುಖಪುಟ ಬರೆಯುವವರಿಗೆ ಒಂದು, ಒಳಪುಟದಲ್ಲಿ ಕಥೆಗೆ ಚಿತ್ರ ಬರೆಯುವವರಿಗೆ ಇನ್ನೊಂದು. ಒಳಪುಟದ ಪ್ರಶಸ್ತಿ ವರ್ಜಿಲ್ ಫಿನ್ಲೇ ಅವರಿಗೆ ಹೋಯಿತು. ಸಾವಿರಾರು ಸಣ್ಣ ಸಣ್ಣ ಚುಕ್ಕಿಗಳಿಂದ ಕಪ್ಪು ಬಿಳುಪಿನಲ್ಲಿ ಬೆಳಕು ತರುತ್ತಿದ್ದವರು ಅವರು. ಮುಖಪುಟದ ಪ್ರಶಸ್ತಿಯಲ್ಲಿ ಹ್ಯಾನೆಸ್ ಬೋಕ್ ಮತ್ತು ಎಡ್ ಎಮ್ಶ್‌ವಿಲ್ಲರ್ ಇಬ್ಬರೂ ಸಮ ಬಂದರು. ಎರಡನೆಯವರು ಚಿತ್ರದ ಮೂಲೆಯಲ್ಲಿ ಬರೀ ‘ಎಮ್ಶ್’ ಅಂತ ಸಹಿ ಹಾಕುತ್ತಿದ್ದರು.

ಈ ಇಬ್ಬರ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ. ಎಷ್ಟು ಬೇರೆ ಬೇರೆ ಮನುಷ್ಯರು ಅನ್ನಿಸುತ್ತದೆ. ಬೋಕ್ ಅವರದು ಕನಸಿನ ಲೋಕ. ಬಣ್ಣದ ಮೇಲೆ ಬಣ್ಣ ತೆಳ್ಳಗೆ ಹಚ್ಚಿ ಒಳಗಿಂದ ಹೊಳಪು ಬರಿಸುತ್ತಿದ್ದರು. ಅವರಿಗೆ ಪತ್ರಿಕೆಯ ಬಾಗಿಲು ತೆರೆಸಿದವರು ರೇ ಬ್ರಾಡ್‌ಬರಿ. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವರ್ಲ್ಡ್‌ಕಾನ್ ಆಯಿತಲ್ಲ, ಆಗ ಬ್ರಾಡ್‌ಬರಿ ಇನ್ನೂ ಹೆಸರಿಲ್ಲದ ಹುಡುಗ. ಗೆಳೆಯನ ಚಿತ್ರಗಳನ್ನು ಲಾಸ್ ಏಂಜಲೀಸ್‌ನಿಂದ ಹೊತ್ತುಕೊಂಡು ಹೋಗಿ ‘ವಿಯರ್ಡ್ ಟೇಲ್ಸ್’ ಸಂಪಾದಕರಿಗೆ ತೋರಿಸಿದರು. ಅದೇ ಡಿಸೆಂಬರ್ ಸಂಚಿಕೆಯ ಮುಖಪುಟ ಬೋಕ್ ಅವರದಾಯಿತು. ಎಮ್ಶ್ ಅವರದು ಬೇರೆ ದಾರಿ. ಯಂತ್ರ, ಬಾಹ್ಯಾಕಾಶದ ಉಡುಪು, ಮುಖದ ಭಾವ, ತಮಾಷೆ ಯಾವುದಾದರೂ ಸರಿ, ಅವರ ಕೈಗೆ ಬರುತ್ತಿತ್ತು. ‘ಗ್ಯಾಲಕ್ಸಿ’ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಗಳಿಗೆ ಅವರು ಬರೆದ ನಾಲ್ಕು ಕೈಗಳ ಸಾಂತಾಕ್ಲಾಸ್ ಅನ್ನು ಹುಡುಕಿ ನೋಡಿ.

1939ರ ಆ ಮೊದಲ ಸಮ್ಮೇಳನದ ಬಗ್ಗೆ ಇನ್ನೊಂದು ಮಾತು. ಅದರ ಗೌರವ ಅತಿಥಿ ಬರಹಗಾರರಲ್ಲ, ಚಿತ್ರಕಾರ. ಫ್ರಾಂಕ್ ಆರ್. ಪಾಲ್ ಅಂತ ಹೆಸರು. 1926ರ ಏಪ್ರಿಲ್‌ನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ‘ಅಮೇಜಿಂಗ್ ಸ್ಟೋರೀಸ್’ ಶುರು ಮಾಡಿದಾಗ ಮೊದಲ ಮುಖಪುಟ ಬರೆದವರು ಇವರೇ. ಆ ಹ್ಯೂಗೋ ಹೆಸರಿನಲ್ಲೇ ಇಂದಿನ ಪ್ರಶಸ್ತಿ ಇದೆ. ಅಂದರೆ ಈ ಓದುಗ ಬಳಗಕ್ಕೆ ಮುಖಪುಟದ ಬೆಲೆ ಆರಂಭದಿಂದಲೂ ಗೊತ್ತಿತ್ತು. ಪತ್ರಿಕೆ ಅಂಗಡಿಯಲ್ಲಿ ಹತ್ತಾರು ಪತ್ರಿಕೆಗಳು ನೇತಾಡುವಾಗ ಕೈ ಯಾವುದರ ಕಡೆ ಹೋಗಬೇಕು ಅಂತ ನಿರ್ಧರಿಸುತ್ತಿದ್ದದ್ದು ಮುಖಪುಟವೇ.

ಮತ್ತೆ ಯಾಕೆ ಆ ವಿಭಾಗ ಹೋಯಿತು? 1954ರಲ್ಲಿ ಹ್ಯೂಗೋ ಕೊಡಲೇ ಇಲ್ಲ. 1955ರಲ್ಲಿ ಮತ್ತೆ ಬಂದಾಗ ಮುಖಪುಟ, ಒಳಪುಟ ಎಂಬ ಭೇದ ಇರಲಿಲ್ಲ. ಎರಡನ್ನೂ ಸೇರಿಸಿ ‘ಅತ್ಯುತ್ತಮ ವೃತ್ತಿಪರ ಕಲಾವಿದ’ ಎಂಬ ಒಂದೇ ವಿಭಾಗ ಮಾಡಿದ್ದರು. ಅವತ್ತಿನಿಂದ ಪ್ರಶಸ್ತಿ ಹೋಗುವುದು ವ್ಯಕ್ತಿಗೆ. ಚಿತ್ರಕ್ಕಲ್ಲ. ನೋಡಲು ಇದು ಸಣ್ಣ ಬದಲಾವಣೆ. ನನ್ನ ಪ್ರಕಾರ ಮುಖಪುಟ ಕಲೆಗೆ ಆದ ದೊಡ್ಡ ನಷ್ಟ ಇದೇ.

ಒಂದು ಉದಾಹರಣೆ ಕೊಡುತ್ತೇನೆ. ‘ಅಸ್ಟೌಂಡಿಂಗ್’ ಪತ್ರಿಕೆಯ 1953ರ ಅಕ್ಟೋಬರ್ ಸಂಚಿಕೆ. ಮುಖಪುಟ ಬರೆದವರು ಫ್ರಾಂಕ್ ಕೆಲ್ಲಿ ಫ್ರೀಸ್. ಒಂದು ದೈತ್ಯ ರೋಬೋ, ಅದರ ಅಂಗೈಯಲ್ಲಿ ಸತ್ತ ಮನುಷ್ಯ. ರೋಬೋ ಮುಖದಲ್ಲಿ ಕ್ರೌರ್ಯ ಇಲ್ಲ. ಆಟಿಕೆ ಮುರಿದು ಹೋಯಿತು, ಅಪ್ಪಾ ಸರಿ ಮಾಡಿಕೊಡು ಅನ್ನುವ ಮಗುವಿನ ಗಾಬರಿ ಇದೆ. ಆ ಕಾಲದ ರೋಬೋ ಚಿತ್ರಗಳಲ್ಲಿ ಹುಡುಗಿಯನ್ನು ಹೊತ್ತೊಯ್ಯುವ ಲೋಹದ ರಾಕ್ಷಸರೇ ಜಾಸ್ತಿ. ಫ್ರೀಸ್ ಅದನ್ನು ಒಂದೇ ನೋಟದಲ್ಲಿ ತಿರುಗಿಸಿಬಿಟ್ಟರು. ಇಪ್ಪತ್ತು ವರ್ಷಗಳಾದ ಮೇಲೂ ಆ ಸಂಚಿಕೆ ಕ್ವೀನ್ ಬ್ಯಾಂಡಿನ ರೋಜರ್ ಟೇಲರ್ ಹತ್ತಿರ ಇತ್ತು. ಅವರು ಫ್ರೀಸ್ ಅವರನ್ನು ಹುಡುಕಿಸಿ ಅದೇ ಚಿತ್ರವನ್ನು ಹೊಸದಾಗಿ ಬರೆಸಿದರು, ಸತ್ತವನ ಜಾಗದಲ್ಲಿ ಬ್ಯಾಂಡಿನವರನ್ನು ಇಟ್ಟು. 1977ರ ‘ನ್ಯೂಸ್ ಆಫ್ ದಿ ವರ್ಲ್ಡ್’ ಆಲ್ಬಮ್ಮಿನ ಹೊದಿಕೆ ಅದು. ಜಗತ್ತಿನ ಲಕ್ಷಾಂತರ ಮನೆಗಳಿಗೆ ಹೋಯಿತು.

ಇಷ್ಟು ಹೆಸರಾದ ಮುಖಪುಟಕ್ಕೆ ಹ್ಯೂಗೋ ಬಂದಿಲ್ಲ. ಬರಲು ದಾರಿಯೇ ಇರಲಿಲ್ಲ. ಫ್ರೀಸ್ ಅವರಿಗೆ 1955ರಿಂದ 1976ರ ನಡುವೆ ಹತ್ತು ಸಲ ಹ್ಯೂಗೋ ಬಂತು ನಿಜ. ಆದರೆ ಅವು ಆಯಾ ವರ್ಷದ ಒಟ್ಟು ಕೆಲಸಕ್ಕೆ. 1953ರ ಕೆಲಸಗಳಿಗೆ ಬಿಟ್ಟುಹೋದ ಪ್ರಶಸ್ತಿಯನ್ನು 2004ರಲ್ಲಿ ಹಿಂದಿನ ದಿನಾಂಕ ಹಾಕಿ ಕೊಟ್ಟರು. ರೆಟ್ರೋ ಹ್ಯೂಗೋ ಅಂತಾರೆ ಅದನ್ನು. ಆಗ ಕಲಾವಿದರ ವಿಭಾಗದಲ್ಲಿ ಗೆದ್ದವರು ಚೆಸ್ಲಿ ಬೋನ್‌ಸ್ಟೆಲ್. ಬೋನ್‌ಸ್ಟೆಲ್ ಅರ್ಹರಲ್ಲ ಅಂತ ನಾನು ಹೇಳುತ್ತಿಲ್ಲ, ಖಂಡಿತ ಅರ್ಹರು. ಆದರೆ ಆ ವರ್ಷದ ಅತ್ಯುತ್ತಮ ಮುಖಪುಟ ಯಾವುದು ಅಂತ ಕೇಳಿದ್ದರೆ ಉತ್ತರ ಬೇರೆ ಆಗುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ವ್ಯಕ್ತಿಗೆ ಮತ ಹಾಕುವಾಗ ನೆನಪಾಗುವುದು ಹೆಸರು. ಚಿತ್ರಕ್ಕೆ ಮತ ಹಾಕಬೇಕಾದರೆ ಚಿತ್ರವನ್ನು ತೆಗೆದು ನೋಡಲೇಬೇಕು.

ಹೆಸರಿನ ಈ ಮಹಿಮೆ ಮಾರ್ಗರೆಟ್ ಬ್ರಂಡೇಜ್ ವಿಷಯದಲ್ಲೂ ಕಾಣುತ್ತದೆ. 1930ರ ದಶಕದಲ್ಲಿ ‘ವಿಯರ್ಡ್ ಟೇಲ್ಸ್’ನ ಮುಖಪುಟ ಅಂದರೆ ಅವರೇ. ಪೇಸ್ಟಲ್ ಬಣ್ಣದಲ್ಲಿ ಬರೆಯುತ್ತಿದ್ದರು. ‘ಎಂ. ಬ್ರಂಡೇಜ್’ ಅಂತ ಸಹಿ ಇದ್ದುದರಿಂದ ಬರೆದದ್ದು ಹೆಂಗಸು ಅಂತ ಎಷ್ಟೋ ಓದುಗರಿಗೆ ಗೊತ್ತೇ ಇರಲಿಲ್ಲ. ಅವರು 1976ರಲ್ಲಿ ತೀರಿಕೊಂಡರು. 2020ರಲ್ಲಿ ರೆಟ್ರೋ ಹ್ಯೂಗೋ ಬಂತು, ಆದರೆ 1944ರ ಕೆಲಸಕ್ಕೆ. ಅವರ ದೊಡ್ಡ ದಿನಗಳು ಆ ಹೊತ್ತಿಗೆ ಮುಗಿದಿದ್ದವು. ಗೌರವ ಸಿಕ್ಕಿದ್ದಕ್ಕೆ ಖುಷಿ ಇದೆ. ಯಾವ ಚಿತ್ರಗಳಿಗೆ ಸಿಗಬೇಕಿತ್ತೋ ಅವುಗಳಿಗೆ ಸಿಗಲಿಲ್ಲ ಎಂಬ ನೋವೂ ಇದೆ.

ಇನ್ನೊಂದು ಬದಲಾವಣೆ ನಿಧಾನಕ್ಕೆ ಆಯಿತು. 1950, 60ರ ದಶಕಗಳಲ್ಲಿ ಹ್ಯೂಗೋ ಗೆದ್ದ ಹೆಚ್ಚಿನ ಕಲಾವಿದರು ಪತ್ರಿಕೆಗಳಿಂದಲೇ ಹೆಸರಾದವರು. ಜಾನ್ ಶೋನ್‌ಹೆರ್ ಅವರನ್ನೇ ನೋಡಿ. ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಪುಸ್ತಕವಾಗುವ ಮೊದಲು ‘ಅನಲಾಗ್’ನಲ್ಲಿ ಧಾರಾವಾಹಿಯಾಗಿ ಬಂತು, 1963ರ ಕೊನೆಯಿಂದ 1965ರವರೆಗೆ, ಎರಡು ಭಾಗಗಳಲ್ಲಿ. ಮರಳುಗಾಡು, ದೊಡ್ಡ ಹುಳು, ಆ ಜನ ಹೇಗಿರಬಹುದು ಅಂತ ಮೊದಲು ಬರೆದು ತೋರಿಸಿದವರು ಶೋನ್‌ಹೆರ್. ಆ ಹೊತ್ತಿಗೆ ‘ಅನಲಾಗ್’ ಸ್ವಲ್ಪ ಕಾಲ ದೊಡ್ಡ ಆಕಾರದಲ್ಲಿ ಅಚ್ಚಾಗುತ್ತಿತ್ತು. ಆ ಅಗಲದ ಹಾಳೆ ಅವರ ಮರಳುಗಾಡಿಗೆ ಹೇಳಿ ಮಾಡಿಸಿದಂತಿತ್ತು. 1965ರ ಹ್ಯೂಗೋ ಅವರಿಗೆ ಬಂತು. ಮುಂದೆ ಅವರು ಮಕ್ಕಳ ಪುಸ್ತಕಗಳ ಕಡೆ ಹೋಗಿ 1988ರಲ್ಲಿ ಕ್ಯಾಲ್ಡೆಕಾಟ್ ಪದಕವನ್ನೂ ಪಡೆದರು.

ಆಮೇಲೆ ಅಂಗಡಿಯ ಜಾಗ ಪೇಪರ್‌ಬ್ಯಾಕ್ ಕಾದಂಬರಿಗಳಿಗೆ ಹೋಯಿತು. ಹಣವೂ ಅಲ್ಲಿಗೇ ಹೋಯಿತು. ಕಲಾವಿದರು ಹಿಂದೆಯೇ ಹೋದರು, ಅವರದೂ ಹೊಟ್ಟೆಪಾಡು ಅಲ್ವಾ? 1980ರಿಂದ 1986ರವರೆಗೆ ಸತತ ಏಳು ವರ್ಷ ಮೈಕೆಲ್ ವೀಲನ್ ಅವರೇ ಹ್ಯೂಗೋ ಗೆದ್ದರು. ಒಟ್ಟು 13 ಸಲ ಈ ವಿಭಾಗದಲ್ಲಿ ಗೆದ್ದಿದ್ದಾರೆ. ಅವರ ಹೆಸರು ಬೆಳೆದದ್ದು ಮುಖ್ಯವಾಗಿ ಪುಸ್ತಕದ ಹೊದಿಕೆಗಳಿಂದ. ಅವರ ನಂತರ ಗೆದ್ದ ಬಹುಪಾಲು ಕಲಾವಿದರದೂ ಅದೇ ಕಥೆ. ಪತ್ರಿಕೆ ಓದುವವರು ಕಡಿಮೆ, ಹೆಸರಾಂತ ಕಾದಂಬರಿಯ ಹೊದಿಕೆ ನೋಡುವವರು ಲಕ್ಷಗಟ್ಟಲೆ. ಮತದಾರರ ಕಣ್ಣಿಗೆ ಬೀಳುವುದು ಯಾವುದು ಅಂತ ನೀವೇ ಊಹಿಸಿ.

ಹ್ಯೂಗೋದವರು ಚಿತ್ರಕ್ಕೇ ಪ್ರಶಸ್ತಿ ಕೊಡುವ ಪ್ರಯೋಗವನ್ನೂ ಮಾಡಿದರು. 1990ರ ದಶಕದಲ್ಲಿ ಕೆಲವು ವರ್ಷ ‘ಅತ್ಯುತ್ತಮ ಮೂಲ ಕಲಾಕೃತಿ’ ಅಂತ ಒಂದು ವಿಭಾಗ ಇತ್ತು. ಅಲ್ಲಿ ಕಾದಂಬರಿಯ ಹೊದಿಕೆ ಗೆದ್ದಿತು, ಚಿತ್ರಪುಸ್ತಕ ಗೆದ್ದಿತು, ಒಮ್ಮೆ ಅಮೆರಿಕದ ಅಂಚೆ ಚೀಟಿಗಳ ಪುಟ್ಟ ಪುಸ್ತಿಕೆಯೂ ಗೆದ್ದಿತು. ಪತ್ರಿಕೆಯ ಮುಖಪುಟ ಒಮ್ಮೆಯೂ ಗೆಲ್ಲಲಿಲ್ಲ. ವಿಭಾಗವೂ ನಿಂತಿತು.

ಈಗ ಚೆಸ್ಲಿಗೆ ಬರೋಣ. ಇದನ್ನು ಕೊಡುವುದು ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿ ಕಲಾವಿದರ ಸಂಘ. ಚಿಕ್ಕದಾಗಿ ಆಸ್ಫಾ ಅನ್ನುತ್ತಾರೆ. 1985ರಲ್ಲಿ ಶುರುವಾಯಿತು. 1986ರಲ್ಲಿ ಬೋನ್‌ಸ್ಟೆಲ್ ತೀರಿಕೊಂಡ ಮೇಲೆ ಅವರ ಹೆಸರಿಟ್ಟರು. ಯಾಕೆ ಅವರ ಹೆಸರು ಅಂತ ತಿಳಿಯಬೇಕಾದರೆ ಅವರು ಶನಿಗ್ರಹವನ್ನು ಹೇಗೆ ಬರೆದರು ಅಂತ ನೋಡಬೇಕು. ಅವರು ಓದಿದ್ದು ವಾಸ್ತುಶಿಲ್ಪ. ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ ವಿನ್ಯಾಸದಲ್ಲಿ ಕೆಲಸ ಮಾಡಿದವರು. ಹಾಲಿವುಡ್ಡಿನಲ್ಲಿ ಸಿನಿಮಾಗಳಿಗೆ ಹಿನ್ನೆಲೆಯ ಚಿತ್ರ ಬರೆದವರು. 1944ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಶನಿಗ್ರಹ ಅದರ ಉಪಗ್ರಹಗಳಿಂದ ಹೇಗೆ ಕಾಣಬಹುದು ಅಂತ ಅವರ ಚಿತ್ರಸರಣಿ ಬಂತು. ದೂರ, ಕೋನ, ಬೆಳಕು ಬೀಳುವ ದಿಕ್ಕು ಎಲ್ಲವನ್ನೂ ಲೆಕ್ಕ ಹಾಕಿ ಬರೆದದ್ದು. ನೋಡಿದವರಿಗೆ ಅಲ್ಲಿಗೆ ಹೋಗಿ ಫೋಟೊ ತೆಗೆದ ಹಾಗೆ ಅನ್ನಿಸಿತು. ಆಮೇಲೆ ‘ಅಸ್ಟೌಂಡಿಂಗ್’ ಮತ್ತು ‘ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್’ ಪತ್ರಿಕೆಗಳಿಗೆ ಎಷ್ಟೋ ಮುಖಪುಟ ಬರೆದರು.

ಚೆಸ್ಲಿಯಲ್ಲಿ ಮುಖಪುಟಕ್ಕೆ ಮೂರು ವಿಭಾಗ: ಗಟ್ಟಿ ಹೊದಿಕೆಯ ಪುಸ್ತಕ, ಪೇಪರ್‌ಬ್ಯಾಕ್, ಪತ್ರಿಕೆ. ಪ್ರಶಸ್ತಿ ಒಂದು ನಿರ್ದಿಷ್ಟ ಚಿತ್ರಕ್ಕೆ. ಯಾವ ಪತ್ರಿಕೆ, ಯಾವ ತಿಂಗಳು ಅಂತ ನಮೂದಿಸಿಯೇ ಕೊಡುತ್ತಾರೆ. ಮತ ಹಾಕುವವರು ಸಂಘದ ಸದಸ್ಯರು, ಅಂದರೆ ಕಲಾವಿದರು ಮತ್ತು ಈ ಕಲೆಯನ್ನು ಹತ್ತಿರದಿಂದ ನೋಡುವವರು. ಪತ್ರಿಕೆಯ ಮುಖಪುಟ ಇಲ್ಲಿ ಕಾದಂಬರಿಯ ಹೊದಿಕೆಯ ಜೊತೆ ಗುದ್ದಾಡಬೇಕಿಲ್ಲ. ಮುಖಪುಟ ಕಲೆಯ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ ಹ್ಯೂಗೋ ಪಟ್ಟಿಗಿಂತ ಮೊದಲು ಚೆಸ್ಲಿಯ ಈ ವಿಭಾಗದ ಪಟ್ಟಿ ನೋಡಿ ಅನ್ನುತ್ತೇನೆ. ಹೆಸರು ಸಣ್ಣದು, ಕಣ್ಣು ದೊಡ್ಡದು.

ಓದುಗರ ಆಯ್ಕೆಗಳೂ ನನಗೆ ಇಷ್ಟ. ‘ಅನಲಾಗ್’ನ ‘ಅನಲಿಟಿಕಲ್ ಲ್ಯಾಬೊರೇಟರಿ’ ಹಳೆಯ ಅಂಕಣ. ಪತ್ರಿಕೆಗೆ ‘ಅಸ್ಟೌಂಡಿಂಗ್’ ಅಂತ ಹೆಸರಿದ್ದಾಗ, ಸಂಪಾದಕ ಜಾನ್ ಕ್ಯಾಂಪ್‌ಬೆಲ್ 1938ರಲ್ಲಿ ಆರಂಭಿಸಿದ್ದು. ಆಗ ಅದು ಯಾವ ಕಥೆ ಓದುಗರಿಗೆ ಹಿಡಿಸಿತು ಅಂತ ಲೆಕ್ಕ ಹಾಕುತ್ತಿತ್ತು. ಈಗ ಅದೇ ಹೆಸರಿನಲ್ಲಿ ವರ್ಷಕ್ಕೊಮ್ಮೆ ಕಥೆಗಳ ಜೊತೆ ಮುಖಪುಟಕ್ಕೂ ಪ್ರಶಸ್ತಿ ಇದೆ. ‘ಅಸಿಮೋವ್ಸ್’ನದೂ ಅಷ್ಟೇ. ಅಂತರ್ಜಾಲದಲ್ಲಿ ಬರುವ ‘ಕ್ಲಾರ್ಕ್ಸ್‌ವರ್ಲ್ಡ್’ ಕೂಡ ಓದುಗರಿಂದ ವರ್ಷದ ಮುಖಪುಟ ಆರಿಸುತ್ತದೆ. ಇವುಗಳ ಮಿತಿ ಎದುರಿಗೇ ಇದೆ. ಸ್ಪರ್ಧೆ ಆ ಒಂದು ಪತ್ರಿಕೆಯ ಆ ವರ್ಷದ ಸಂಚಿಕೆಗಳ ನಡುವೆ ಮಾತ್ರ. ಆದರೆ ಮತ ಹಾಕುವವರು ಸಂಚಿಕೆಯನ್ನು ಓದಿದವರು. ಚಿತ್ರ ಕಥೆಗೆ ನ್ಯಾಯ ಮಾಡಿತೇ ಇಲ್ಲವೇ ಅಂತ ಹೇಳಲು ಅವರಿಗಿಂತ ಹಕ್ಕಿರುವವರು ಯಾರು?

ಬ್ರಿಟನ್ನಿನ ಸೈನ್ಸ್ ಫಿಕ್ಷನ್ ಸಂಘ ಕೊಡುವ ಬಿಎಸ್‌ಎಫ್‌ಎ ಪ್ರಶಸ್ತಿಯಲ್ಲಿ ಕಲಾಕೃತಿಗೆ ಒಂದು ವಿಭಾಗ ಇದೆ. ‘ಇಂಟರ್‌ಝೋನ್’ ಪತ್ರಿಕೆಯ ಮುಖಪುಟಗಳು ಅಲ್ಲಿ ಗೆದ್ದದ್ದುಂಟು. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ 1975ರಿಂದಲೂ ಕಲಾವಿದರಿಗೆ ಇದೆ. ಅಲ್ಲಿ ಕೊನೆಯ ಮಾತು ತೀರ್ಪುಗಾರರದು, ಆದರೆ ಗೌರವ ವ್ಯಕ್ತಿಗೇ.

ನೀವು ಕೇಳದ, ಆದರೆ ಚಿತ್ರಕಲೆ ಓದುವವರಿಗೆ ಬೇಕೇ ಬೇಕಾದ ಒಂದು ವಿಷಯ: ಗೆಲ್ಲುವ ಮುಖಪುಟದಲ್ಲಿ ಏನಿರುತ್ತದೆ? ನಾನು ಮೊದಲು ನೋಡುವುದು ಖಾಲಿ ಜಾಗವನ್ನು. ಮೇಲುಗಡೆ ಪತ್ರಿಕೆಯ ಹೆಸರು ಕೂರಬೇಕು, ಪಕ್ಕದಲ್ಲೋ ಕೆಳಗೋ ಲೇಖಕರ ಹೆಸರುಗಳು ಬರಬೇಕು. ಆ ಅಕ್ಷರಗಳಿಗೆ ಜಾಗ ಬಿಟ್ಟೂ ಚಿತ್ರ ತುಂಬಿದಂತೆ ಕಾಣಬೇಕು. ಗೋಡೆಗೆ ಹಾಕುವ ಚಿತ್ರಕ್ಕೂ ಮುಖಪುಟಕ್ಕೂ ಇರುವ ವ್ಯತ್ಯಾಸ ಇದು. ಕಾಲೇಜಿನಲ್ಲಿ ಹಾಳೆ ಪೂರ್ತಿ ತುಂಬಿಸಲು ಕಲಿತವರು ಮೊದಲು ಎಡವುವುದೂ ಇಲ್ಲೇ. ಆಮೇಲೆ ದೂರದಿಂದ ಗುರುತು ಸಿಗುತ್ತದೆಯೇ ಅಂತ ನೋಡುತ್ತೇನೆ. ಮೊದಲು ಅಂಗಡಿಯ ಇನ್ನೊಂದು ತುದಿಯಿಂದ ಕಾಣಬೇಕಿತ್ತು, ಈಗ ಮೊಬೈಲಿನಲ್ಲಿ ಹೆಬ್ಬೆರಳ ಉಗುರಿನಷ್ಟು ಗಾತ್ರದಲ್ಲಿ ಕಾಣಬೇಕು. ಲೆಕ್ಕ ಎರಡೂ ಒಂದೇ. ನಿಮ್ಮ ಚಿತ್ರವನ್ನು ಅಷ್ಟು ಚಿಕ್ಕದು ಮಾಡಿ, ಬಣ್ಣ ತೆಗೆದು ಕಪ್ಪು ಬಿಳುಪಿನಲ್ಲಿ ನೋಡಿ. ಆಗಲೂ ಕಣ್ಣು ಒಂದು ಕಡೆ ನಿಂತರೆ ಅದು ಮುಖಪುಟ ಆಗಬಹುದು.

ಇವೆರಡಕ್ಕಿಂತ ಕಷ್ಟದ್ದು ಚಿತ್ರದೊಳಗಿನ ಪ್ರಶ್ನೆ. ಫ್ರೀಸ್ ಅವರ ರೋಬೋ ನೋಡಿದ ತಕ್ಷಣ ‘ಏನಾಯ್ತು?’ ಅನ್ನಿಸುತ್ತದೆ. ಉತ್ತರ ಪತ್ರಿಕೆಯ ಒಳಗಿದೆ. ಸುಮ್ನೆ ಚಂದದ ಗ್ರಹ, ಚಂದದ ನೌಕೆ ಬರೆದರೆ ಈ ಪ್ರಶ್ನೆ ಹುಟ್ಟುವುದಿಲ್ಲ. ಇಂದಿನ ಹಲವು ಪತ್ರಿಕೆಗಳು ಕಥೆಗೆ ಅಂತ ಹೊಸದಾಗಿ ಚಿತ್ರ ಬರೆಸುವುದಿಲ್ಲ, ಸಿದ್ಧ ಚಿತ್ರ ಬಳಸುವ ಹಕ್ಕನ್ನು ಕೊಳ್ಳುತ್ತವೆ. ಖರ್ಚು ಕಡಿಮೆ, ಅವರ ಕಷ್ಟ ಅರ್ಥವಾಗುತ್ತದೆ. ಆದರೂ ಮುಖಪುಟ ಮತ್ತು ಕಥೆಯ ನಂಟು ಅದರಿಂದ ಸಡಿಲವಾಗಿದೆ. ಪತ್ರಿಕೆಯ ಮುಖಪುಟಕ್ಕೆ ಪ್ರತ್ಯೇಕ ಪ್ರಶಸ್ತಿ ಉಳಿಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಕಥೆಗಾಗಿಯೇ ಬರೆಸುವ ಸಂಪಾದಕರಿಗೂ ಅದರಿಂದ ಒಂದು ಬಲ ಬರುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ದಾವಣಗೆರೆಯಿಂದ ಪ್ರಯತ್ನ ಮಾಡಬಹುದೇ? ಧಾರಾಳವಾಗಿ. ಈ ಪ್ರಶಸ್ತಿಗಳು ಯಾವ ದೇಶದವರು ಅಂತ ಕೇಳುವುದಿಲ್ಲ. ಆಸ್ಟ್ರೇಲಿಯಾದ ಶಾನ್ ಟಾನ್ ಮತ್ತು ರೋವಿನಾ ಕಾಯ್, ಜಪಾನಿನ ಸಾನಾ ತಾಕೆದಾ, ಚೀನಾದ ಎನ್‌ಝೆ ಝಾವೊ ಹ್ಯೂಗೋ ಗೆದ್ದಿದ್ದಾರೆ. ಅಂದಹಾಗೆ, ಆ ಕಲಾವಿದರ ವಿಭಾಗವನ್ನು ಹೆಣ್ಣುಮಗಳೊಬ್ಬರು ಒಂಟಿಯಾಗಿ ಗೆಲ್ಲಲು 2014 ಬರಬೇಕಾಯಿತು. ಜೂಲಿ ಡಿಲ್ಲನ್ ಅವರು. ಅದಕ್ಕೂ ಮೊದಲು 1971ರಲ್ಲಿ ಡಯಾನ್ ಡಿಲ್ಲನ್ ಗಂಡ ಲಿಯೋ ಜೊತೆ ಸೇರಿ ಗೆದ್ದಿದ್ದರು.

ಆದರೆ ಯಾವುದೇ ಪ್ರಶಸ್ತಿಗೂ ಮೊದಲು ಚಿತ್ರ ಎಲ್ಲಾದರೂ ಅಚ್ಚಾಗಬೇಕು. ಹಾಗಾಗಿ ಪ್ರಶಸ್ತಿಯ ಅರ್ಜಿ ಹುಡುಕಬೇಡಿ, ಪತ್ರಿಕೆ ಹುಡುಕಿ. ಕಲಾವಿದರಿಂದ ಮಾದರಿ ಕೇಳುವ ಪತ್ರಿಕೆಗಳು ತಮ್ಮ ನಿಯಮಗಳನ್ನು ತಮ್ಮ ಜಾಲತಾಣದಲ್ಲಿ ಹಾಕಿರುತ್ತವೆ. ಎಂಟು ಹತ್ತು ಒಳ್ಳೆಯ ಚಿತ್ರ ಸಾಕು, ಎಲ್ಲವೂ ಮುಖಪುಟದ ಉದ್ದ ಅಗಲದಲ್ಲಿ ಇರಲಿ. ಹವ್ಯಾಸಿ ಪತ್ರಿಕೆಗಳಿಗೆ ಬರೆದರೆ ಹ್ಯೂಗೋದಲ್ಲಿ ಅಭಿಮಾನಿ ಕಲಾವಿದರ ವಿಭಾಗ ಇದೆ, 1967ರಿಂದ. ಆ ಮೊದಲ ವರ್ಷ ಜ್ಯಾಕ್ ಗಾನ್ ಅಭಿಮಾನಿ ವಿಭಾಗವನ್ನೂ ವೃತ್ತಿಪರ ವಿಭಾಗವನ್ನೂ ಒಟ್ಟಿಗೇ ಗೆದ್ದರು. ಅವರ ಹೆಸರಿನಲ್ಲಿ ಈಗ ಬಾಸ್ಟನ್ ಕಡೆಯ ಅಭಿಮಾನಿ ಸಂಘವೊಂದು ಹೊಸ ಕಲಾವಿದರಿಗೆ ಪ್ರಶಸ್ತಿ ಕೊಡುತ್ತದೆ. ವೃತ್ತಿಗೆ ಬಂದು ಐದು ವರ್ಷದೊಳಗಿನವರಿಗೆ ಅದು. ಇನ್ನೂ ವೃತ್ತಿಗೆ ಬರದವರಿಗೆ ‘ಇಲ್ಲಸ್ಟ್ರೇಟರ್ಸ್ ಆಫ್ ದಿ ಫ್ಯೂಚರ್’ ಎಂಬ ಸ್ಪರ್ಧೆ ಇದೆ. ಪ್ರವೇಶ ಶುಲ್ಕ ಇಲ್ಲ, ಬಹುಮಾನ ಹಣದ ರೂಪದಲ್ಲಿದೆ. ಅದು ನಡೆಯುವುದು ಸೈಂಟಾಲಜಿ ಪಂಥ ಸ್ಥಾಪಿಸಿದ ಎಲ್. ರಾನ್ ಹಬ್ಬಾರ್ಡ್ ಹೆಸರಿನಲ್ಲಿ. ಕೆಲವು ಕಲಾವಿದರು ಆ ಕಾರಣಕ್ಕೆ ದೂರ ಇರುತ್ತಾರೆ. ಗೊತ್ತಿದ್ದು ನಿರ್ಧಾರ ಮಾಡಿ. ಹ್ಯೂಗೋದಲ್ಲಿ ಹಣ ಇಲ್ಲ, ರಾಕೆಟ್ ಆಕಾರದ ಸ್ಮರಣಿಕೆ ಕೊಡುತ್ತಾರೆ.

ಮತ ಹಾಕಲು ಮನಸ್ಸಿದ್ದರೆ ವರ್ಲ್ಡ್‌ಕಾನ್‌ಗೆ ಹೋಗಲೇಬೇಕು ಅಂತಿಲ್ಲ. ಆ ವರ್ಷದ ಸದಸ್ಯತ್ವದ ಹಣ ಕಟ್ಟಿದರೆ ಮನೆಯಿಂದಲೇ ಹಾಕಬಹುದು. ಸಾಮಾನ್ಯವಾಗಿ ಒಂದು ವಿಭಾಗಕ್ಕೆ ಐದು ಹೆಸರು ಸೂಚಿಸಬಹುದು. ಅಂತಿಮ ಪಟ್ಟಿಗೆ ಬಂದವರನ್ನು ಒಂದು, ಎರಡು, ಮೂರು ಅಂತ ಕ್ರಮದಲ್ಲಿ ಬರೆಯಬೇಕು. ಯಾರೂ ಯೋಗ್ಯರಲ್ಲ ಅನ್ನಿಸಿದರೆ ಹಾಗೆ ಹೇಳುವ ಆಯ್ಕೆಯೂ ಅದೇ ಮತಪತ್ರದಲ್ಲಿ ಇರುತ್ತದೆ.

ಒಂದು ಎಚ್ಚರಿಕೆ. 2023ರಲ್ಲಿ ಲೇಖಕ ಮಾರ್ಕ್ ಲಾರೆನ್ಸ್ ನಡೆಸುವ ಎಸ್‌ಪಿಎಫ್‌ಬಿಒ ಎಂಬ, ಲೇಖಕರೇ ಸ್ವತಃ ಪ್ರಕಟಿಸಿದ ಫ್ಯಾಂಟಸಿ ಪುಸ್ತಕಗಳ ಸ್ಪರ್ಧೆಯಲ್ಲಿ ಮುಖಪುಟಕ್ಕೆ ಬಹುಮಾನ ಪಡೆದ ಚಿತ್ರ ಎಐ ಬಳಸಿ ಮಾಡಿದ್ದು ಅಂತ ಬಯಲಾಯಿತು. ಆ ಪುಸ್ತಕವನ್ನು ಅದರ ಲೇಖಕರು ಸ್ಪರ್ಧೆಯಿಂದ ಹಿಂದೆ ತೆಗೆದುಕೊಂಡರು. ಮುಂದೆ ಮುಖಪುಟದ ಸ್ಪರ್ಧೆಯನ್ನೇ ಲಾರೆನ್ಸ್ ಕೈಬಿಟ್ಟರು. ಒಬ್ಬರು ಮಾಡಿದ್ದಕ್ಕೆ ಕೈಯಿಂದ ಬರೆಯುವ ಎಲ್ಲರ ಅವಕಾಶವೂ ಹೋಯಿತು. ಅಂದಿನಿಂದ ಎಲ್ಲರಿಗೂ ಅನುಮಾನ ಜಾಸ್ತಿಯಾಗಿದೆ, ನಿಜವಾಗಿ ಬರೆದವರ ಮೇಲೂ. ಆದ್ದರಿಂದ ಪೆನ್ಸಿಲ್ಲಿನ ಕಚ್ಚಾ ಚಿತ್ರ, ಬಣ್ಣದ ಮೊದಲ ಪ್ರಯತ್ನ, ಕಂಪ್ಯೂಟರಿನಲ್ಲಿ ಬರೆದರೆ ಲೇಯರ್ ಇರುವ ಮೂಲ ಫೈಲು, ಎಲ್ಲವನ್ನೂ ದಿನಾಂಕ ಹಾಕಿ ಇಟ್ಟುಕೊಳ್ಳಿ. ಕೇಳಿದಾಗ ತೋರಿಸಲು ಬರಬೇಕು. ಪತ್ರಿಕೆ ಒಪ್ಪಂದ ಕಳಿಸಿದಾಗ ಅವರು ಕೊಳ್ಳುತ್ತಿರುವುದು ಒಂದು ಸಲ ಅಚ್ಚು ಹಾಕುವ ಹಕ್ಕನ್ನೋ, ಪೂರ್ತಿ ಹಕ್ಕನ್ನೋ ಅಂತ ಓದಿ ನೋಡಿ. ಮೂಲ ಚಿತ್ರ ನಿಮ್ಮ ಹತ್ತಿರವೇ ಉಳಿಯುತ್ತದೆ ಅಂತ ಅದರಲ್ಲಿ ಬರೆದಿರಲಿ. ಬರೆದಿಲ್ಲದಿದ್ದರೆ ಸಹಿ ಹಾಕುವ ಮೊದಲು ಬರೆಸಿಕೊಳ್ಳಿ.